ಮೈಕ್ ಇಲ್ಲದ ಜಾತ್ರೆ: ಅತ್ತೆ-ಮಾವನ ಜೊತೆ ನ್ಯೂರೆಂಬರ್ಗ್ ಕ್ರಿಸ್‌ಮಸ್ ಮಾರ್ಕೆಟ್

ಡಿಸೆಂಬರಿನಲ್ಲಿ ಊರಿಂದ ದೊಡ್ಡವರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು? ಜರ್ಮನಿಯ ಎರ್ಲಾಂಗನ್ ಊರಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಚಳಿ, ಮರಗಳಲ್ಲಿ ಒಂದು ಎಲೆ ಇರುವುದಿಲ್ಲ. ಎಲ್ಲರೂ ಕೊಡುವ ಉತ್ತರ ಒಂದೇ: ಪಕ್ಕದ ನ್ಯೂರೆಂಬರ್ಗ್ ಊರಿನ ಕ್ರಿಸ್‌ಮಸ್ ಮಾರ್ಕೆಟ್ಟಿಗೆ ಹೋಗಿ. ಸರಿ, ಹೋಗಿ. ಆದರೆ ಯಾವ ಹೊತ್ತಿಗೆ ಹೋಗಬೇಕು, ಅಲ್ಲಿ ನಾವು ತಿನ್ನುವಂಥದ್ದು ಏನಿದೆ, ಮಂಡಿ ನೋವಿರುವವರು ಎಲ್ಲಿ ಕೂರಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಸಸ್ಯಾಹಾರಿ ಮನೆ. ಅತ್ತೆ ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟುವುದಿಲ್ಲ. ಮಾವನಿಗೆ ಅರ್ಧ ಗಂಟೆ ನಿಂತರೆ ಮಂಡಿ ಹಿಡಿದುಕೊಳ್ಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ನೋಡುವುದಕ್ಕೆ ಐದಕ್ಕೆ ಐದು, ತಿನ್ನುವುದಕ್ಕೆ ಎರಡು, ಹಿರಿಯರ ಅನುಕೂಲಕ್ಕೆ ಎರಡೂವರೆ. ಸಾಸೇಜ್ ತಿನ್ನುವವರು ಎರಡನೆಯ ಅಂಕವನ್ನು ಐದು ಅಂತಲೇ ಓದಿಕೊಳ್ಳಬಹುದು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಇಲ್ಲಿ ಅಡ್ವೆಂಟ್ ಭಾನುವಾರ ಅನ್ನುತ್ತಾರೆ. ಮನೆಯಲ್ಲಿ ಹಸಿರು ಸುರುಳಿಯೊಂದನ್ನಿಟ್ಟು, ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ. ಮೊದಲ ಅಡ್ವೆಂಟ್ ಭಾನುವಾರದ ಹಿಂದಿನ ಶುಕ್ರವಾರ ಸಂಜೆ 5.30ಕ್ಕೆ ಈ ಮಾರ್ಕೆಟ್ ಶುರು. ಊರಿನ ಮುಖ್ಯ ಚೌಕದಲ್ಲಿರುವ ಫ್ರೌವೆನ್‌ಕಿರ್ಖೆ ಚರ್ಚಿನ ಮೇಲಿನ ಮೊಗಸಾಲೆಗೆ ಒಬ್ಬ ಹುಡುಗಿ ಬರುತ್ತಾಳೆ. ಚಿನ್ನದ ಬಣ್ಣದ ಗುಂಗುರು ಕೂದಲು, ತಲೆಗೆ ಕಿರೀಟ, ಬಿಳಿ ಮತ್ತು ಬಂಗಾರದ ಬಣ್ಣದ ಉಡುಪು. ಅಲ್ಲಿಂದಲೇ ಪದ್ಯ ಹೇಳಿ ಎಲ್ಲರನ್ನೂ ಕರೆಯುತ್ತಾಳೆ. ಇವಳೇ ಕ್ರೈಸ್ಟ್‌ಕಿಂಡ್, ಮಕ್ಕಳಿಗೆ ಉಡುಗೊರೆ ತರುವವಳು. ಕೆಂಪು ಅಂಗಿಯ ಅಜ್ಜನಿಗೆ ಇಲ್ಲಿ ಅಷ್ಟು ಬೆಲೆ ಇಲ್ಲ. ಹಿಂದೆ ಉಡುಗೊರೆ ತರುತ್ತಿದ್ದ ಸಂತ ನಿಕೋಲಸ್ ಬಂದು ಹೋಗುವುದು ಡಿಸೆಂಬರ್ 6ಕ್ಕೆ. ಸಂತರ ಪೂಜೆ ಬೇಡ ಅಂತ ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಕಾಲದಲ್ಲಿ ಉಡುಗೊರೆಯ ಕೆಲಸ ಬಾಲ ಯೇಸುವಿಗೆ ವರ್ಗವಾಯಿತು. ಅದು ನಿಧಾನಕ್ಕೆ ಈ ರೆಕ್ಕೆಯ ಹುಡುಗಿಯ ರೂಪಕ್ಕೆ ಬಂತು. 1948ರಲ್ಲಿ ಮೊದಲು ಈ ವೇಷ ಹಾಕಿದ್ದು ಒಬ್ಬ ನಟಿ. 1969ರಿಂದ ಊರಿನ ಹುಡುಗಿಯರಲ್ಲೇ ಒಬ್ಬಳನ್ನು ಎರಡು ವರ್ಷಕ್ಕೆ ಆರಿಸುತ್ತಾರೆ. ವಯಸ್ಸು 16ರಿಂದ 19ರೊಳಗಿರಬೇಕು, ಎತ್ತರದಲ್ಲಿ ನಿಂತರೆ ತಲೆ ತಿರುಗಬಾರದು!

2019ರಲ್ಲಿ ಆಯ್ಕೆಯಾದ ಹುಡುಗಿಯ ತಂದೆ ಭಾರತದವರು. ಅವಳ ಬಣ್ಣ ನೋಡಿ ಬಲಪಂಥೀಯ ಪಕ್ಷವೊಂದರ ಸ್ಥಳೀಯ ಘಟಕ ಕೊಂಕು ಬರೆಯಿತು. ದೇಶದ ತುಂಬಾ ಅದಕ್ಕೆ ಛೀಮಾರಿ ಬಿತ್ತು, ಹುಡುಗಿ ನಗುತ್ತಲೇ ಮೊಗಸಾಲೆ ಹತ್ತಿದಳು. ಇದನ್ನು ಹೇಳಿದಾಗಿನಿಂದ ಅತ್ತೆಗೆ ಈ ಮಾರ್ಕೆಟ್ ಅರ್ಧ ನಮ್ಮದೇ. "ನಮ್ಮ ಹುಡುಗಿ ನಿಂತಿದ್ದು ಯಾವ ಕಿಟಕಿ, ತೋರ್ಸೇ" ಅಂತ ಚಳಿಯಲ್ಲಿ ಕತ್ತು ಮೇಲೆ ಮಾಡಿಕೊಂಡು ನಿಂತರು. ಆ ಮೊದಲ ಸಂಜೆಗೆ ಮಾತ್ರ ದೊಡ್ಡವರನ್ನು ಕರೆದೊಯ್ಯಬೇಡಿ. ಚೌಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ಮಾರ್ಕೆಟ್. ಮರದ ಸಣ್ಣ ಅಂಗಡಿಗಳು, ಎಲ್ಲಕ್ಕೂ ಕೆಂಪು-ಬಿಳಿ ಪಟ್ಟೆಯ ಬಟ್ಟೆಯ ಸೂರು. ಒಟ್ಟು ಸುಮಾರು 180 ಅಂಗಡಿ. ಪ್ಲಾಸ್ಟಿಕ್ ತೋರಣ ಕಟ್ಟುವ ಹಾಗಿಲ್ಲ, ಧ್ವನಿಮುದ್ರಿತ ಹಾಡು ಹಾಕುವ ಹಾಗಿಲ್ಲ. ಅದು ನಿಯಮ. ನಾಯಕನಹಟ್ಟಿ ಜಾತ್ರೆ ನೋಡಿ ಬೆಳೆದ ಮಾವನಿಗೆ ಇದೇ ದೊಡ್ಡ ಆಶ್ಚರ್ಯ. ಇಷ್ಟು ಜನ ಇದ್ದಾರೆ, ಒಂದು ಮೈಕ್ ಇಲ್ಲ. ಪಕ್ಕದವರು ಮಾತಾಡಿದ್ದು ಕೇಳಿಸುತ್ತದೆ. ಹಾಡು ಕೇಳಿಸಿತು ಅಂದರೆ ಯಾರೋ ನಿಜವಾಗಿಯೂ ಹಾಡುತ್ತಿದ್ದಾರೆ ಅಂತ ಅರ್ಥ. ಉಳಿದ ಊರುಗಳ ಕ್ರಿಸ್‌ಮಸ್ ಮಾರ್ಕೆಟ್ಟುಗಳಿಗಿಂತ ಇದು ಮೇಲು ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೇ.

ಮಾರ್ಕೆಟ್ ಹಳೆಯದು. 1628ರ ಒಂದು ಬಣ್ಣದ ಮರದ ಡಬ್ಬಿಯ ತಳದಲ್ಲಿ ಇದರ ಹೆಸರಿದೆ. ಡಬ್ಬಿ ಇಲ್ಲಿಯ ಮ್ಯೂಸಿಯಮ್ಮಿನಲ್ಲಿದೆ. ಚೌಕದ ಕಥೆ ಇನ್ನೂ ಹಳೆಯದು, ಅಷ್ಟು ಸಿಹಿಯೂ ಅಲ್ಲ. ಇಲ್ಲಿ ಯಹೂದಿಗಳ ಕೇರಿ ಇತ್ತು. 1349ರಲ್ಲಿ ಅವರನ್ನು ಕೊಂದು, ಮನೆಗಳನ್ನು ಕೆಡವಿ ಸಂತೆ ಮೈದಾನ ಮಾಡಿದರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲೇ ಈ ಚರ್ಚು ಎದ್ದಿತು. ಗೊತ್ತಿದ್ದು ಹೋಗುವುದು ಒಳ್ಳೆಯದು.

ಈಗ ತಿಂಡಿ ವಿಷಯ. ಊರಿನ ಹೆಮ್ಮೆ ಬೆರಳುದ್ದದ ಸುಟ್ಟ ಸಾಸೇಜ್. 7ರಿಂದ 9 ಸೆಂಟಿಮೀಟರ್ ಇರಬೇಕು ಅಂತ ಕಾನೂನೇ ಇದೆ. ಮೂರನ್ನು ಒಂದು ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ನಮಗೆ ಅದರ ಹೊಗೆ ಮಾತ್ರ ಸಿಕ್ಕಿತು, ಅದೂ ಜಾಸ್ತಿಯೇ. ಆಲೂಗಡ್ಡೆ ತುರಿದು ಕರಿದ ಬಿಲ್ಲೆಗಳನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ನೋಡಿದರೆ ನಮ್ಮದೇ ಅನ್ನಿಸುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದೇ ಹೆಚ್ಚು. ಕೇಳದೆ ಕೊಳ್ಳಬೇಡಿ.

ಕೇಳಿದರೂ ನಂಬಬೇಡಿ. ಲೆಬ್‌ಕುಖೆನ್ ಅನ್ನುವ ಮಸಾಲೆ ಬಿಸ್ಕತ್ತು ಈ ಊರಿನ ಇನ್ನೊಂದು ಹೆಸರು. ಒಳ್ಳೆಯ ಜಾತಿಯದರಲ್ಲಿ ಹಿಟ್ಟು 10 ಶೇಕಡಾ ದಾಟುವ ಹಾಗಿಲ್ಲ. ಬಾದಾಮಿ, ಹೇಜಲ್‌ನಟ್, ಅಕ್ರೋಟು ಸೇರಿ ಕನಿಷ್ಠ 25 ಶೇಕಡಾ ಇರಬೇಕು. ಹಿಂದೆ ಸುತ್ತಲಿನ ಕಾಡಿನಿಂದ ಜೇನು ಬರುತ್ತಿತ್ತು, ವೆನಿಸ್ ದಾರಿಯಾಗಿ ಪೂರ್ವದ ಮಸಾಲೆ ಬರುತ್ತಿತ್ತು. ಅಂಗಡಿ ಮುಂದೆ ನಿಂತ ಮಾವ ಮೂಗಿನಲ್ಲೇ ಏಲಕ್ಕಿ, ಲವಂಗ, ಚಕ್ಕೆ ಅಂತ ಲೆಕ್ಕ ಹಾಕಿದರು. ಒಂದು ಅಂಗಡಿಯ ಹುಡುಗ "ಮೊಟ್ಟೆ ಇಲ್ಲವೇ ಇಲ್ಲ" ಅಂತ ಧೈರ್ಯವಾಗಿ ಹೇಳಿದ. ಪೊಟ್ಟಣ ತಿರುಗಿಸಿ ಓದಿದರೆ ಮೂರನೆಯ ಪದವೇ ಮೊಟ್ಟೆಯ ಬಿಳಿ. ತೋರಿಸಿದೆ. ಭುಜ ಕುಣಿಸಿದ, ಅಷ್ಟೇ. ವೀಗನ್, ಅಂದರೆ ಹಾಲು-ಮೊಟ್ಟೆ ಏನೂ ಇಲ್ಲದ್ದು, ಅಂತ ಅಚ್ಚಾಗಿರುವ ಪೊಟ್ಟಣ ಕೇಳಿ ತೆಗೆದುಕೊಳ್ಳಿ, ಈಗ ಸಿಗುತ್ತವೆ. ರುಚಿಯಲ್ಲಿ ಸ್ವಲ್ಪ ಒಣ, ಆದರೂ ಚಹಾ ಜೊತೆ ನಡೆಯುತ್ತದೆ.

ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು ಸಕ್ಕರೆ ಬಾದಾಮಿ. ದೊಡ್ಡ ತಾಮ್ರದ ಬಾಣಲೆಯಲ್ಲಿ ನೀರು, ಸಕ್ಕರೆ, ಚಕ್ಕೆ ಪುಡಿ, ಸಿಪ್ಪೆ ಸಮೇತ ಬಾದಾಮಿ. ಮೊದಲು ನೊರೆ ಬರುತ್ತದೆ. ಆಮೇಲೆ ನೀರು ಇಂಗಿ ಸಕ್ಕರೆ ಮರಳುಮರಳಾಗಿ ಬಾದಾಮಿಗೆ ಅಂಟುತ್ತದೆ. "ಪಾಕ ಕೆಟ್ಟೋಯ್ತು, ಉರಿ ಆರ್ಸಪ್ಪ" ಅಂತ ಅತ್ತೆ ಕನ್ನಡದಲ್ಲೇ ಬಾಣಲೆಯವನಿಗೆ ಹೇಳಿದರು. ಅವನು ನಕ್ಕು ಕೈ ಆಡಿಸುತ್ತಲೇ ಇದ್ದ. ಎರಡು ನಿಮಿಷಕ್ಕೆ ಆ ಮರಳೇ ಮತ್ತೆ ಕರಗಿ, ಪ್ರತಿ ಬಾದಾಮಿಗೂ ಹೊಳೆಯುವ ಕಂದು ಕೋಟು. ತಗಡಿನ ಮೇಲೆ ಸುರಿದು, ಎರಡು ಮರದ ಸೌಟಿನಲ್ಲಿ ಬಿಡಿಸಿ, ಮೊನೆಯಾದ ಕಾಗದದ ಪೊಟ್ಟಣಕ್ಕೆ ತುಂಬಿದ. ಅತ್ತೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿ ಮಾಡ್ಬಹುದು" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಸುಟ್ಟ ಚೆಸ್ಟ್‌ನಟ್ ಕೂಡ ಸಿಗುತ್ತದೆ. ಕೈ ಬೆಚ್ಚಗಾಗಲು ಚೆನ್ನ, ತಿನ್ನಲು ಸಪ್ಪೆ.

ಕುಡಿಯಲು ಗ್ಲೂವೈನ್, ಅಂದರೆ ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸದ ಮದ್ಯ. ನಮ್ಮ ಮನೆಯವರು ಬ್ಲೂಬೆರಿಯದು ಕುಡಿದರು, ಸಾಕಷ್ಟು ಸಿಹಿ. ಉಳಿದವರಿಗೆ ಮದ್ಯ ಇಲ್ಲದ ಮಕ್ಕಳ ಪಂಚ್ ಇದೆ, ಹಣ್ಣಿನ ರಸಕ್ಕೆ ಅದೇ ಮಸಾಲೆ. ಪಿಂಗಾಣಿ ಮಗ್‌ಗೆ ಡಿಪಾಸಿಟ್ ಬೇರೆ ಕೊಡಬೇಕು, ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಕೊಂಡ ಅಂಗಡಿಗೇ ಹಿಂತಿರುಗಿಸಿ, ಪಕ್ಕದ ಅಂಗಡಿಯವರು ತೆಗೆದುಕೊಳ್ಳದೆ ನಮ್ಮನ್ನು ಮತ್ತೆ ಅದೇ ಸಾಲಿಗೆ ಕಳಿಸಿದ್ದರು. ಮಗ್ ಮೇಲೆ ಆ ವರ್ಷದ ಚಿತ್ರ ಇರುತ್ತದೆ, ಮನೆಗೆ ಒಯ್ದರೂ ತಪ್ಪಿಲ್ಲ. ನಮ್ಮ ಅಡುಗೆಮನೆಯಲ್ಲಿ ಆರಿವೆ, ಒಂದರಲ್ಲಿ ಒಗ್ಗರಣೆ ಸೌಟುಗಳು ನಿಂತಿವೆ.

ಕೊಳ್ಳುವುದಾದರೆ ಒಣ ಪ್ಲಮ್ ಬೊಂಬೆ ನೋಡಿ. ತಂತಿಗೆ ಒಣ ಪ್ಲಮ್ ಪೋಣಿಸಿ ಕೈಕಾಲು, ಅಕ್ರೋಟಿಗೆ ಮುಖ ಬರೆದು ತಲೆ. ಪೊರಕೆ ಹಿಡಿದ ಅಜ್ಜಿ, ಚಿಮಣಿ ಗುಡಿಸುವವ, ಮದುಮಕ್ಕಳು, ಏನು ಬೇಕೋ ಅದು. ಮನೆಯಲ್ಲಿದ್ದರೆ ಅದೃಷ್ಟವೂ ದುಡ್ಡೂ ಖಾಲಿಯಾಗುವುದಿಲ್ಲವಂತೆ. ಕೊಂಡ ತಕ್ಷಣ ಸ್ವಲ್ಪ ದುಡ್ಡಂತೂ ಖಾಲಿಯಾಗುತ್ತದೆ, ಅಗ್ಗ ಅಲ್ಲ. ಪಕ್ಕದ ಸಣ್ಣ ಮೈದಾನದಲ್ಲಿ ನ್ಯೂರೆಂಬರ್ಗಿನ ಸೋದರ ನಗರಗಳ ಅಂಗಡಿಗಳಿವೆ. ಅಲ್ಲಿ ಸಂದಣಿ ಸ್ವಲ್ಪ ಕಡಿಮೆ. ಮಕ್ಕಳಿದ್ದರೆ ದೊಡ್ಡ ಚೌಕ ಬಿಟ್ಟು ಹಾನ್ಸ್-ಸಾಕ್ಸ್ ಚೌಕದ ಮಕ್ಕಳ ಮಾರ್ಕೆಟ್ಟಿಗೇ ಹೋಗಿ. ಎರಡು ಅಂತಸ್ತಿನ ಕುದುರೆ ತಿರುಗಣೆ, ಪುಟ್ಟ ರೈಲು, ಮೇಣದಬತ್ತಿ ಮಾಡಲು ಕಲಿಸುವ ಅಂಗಡಿ ಎಲ್ಲ ಇವೆ.

ಹೊತ್ತು ಮುಖ್ಯ. ಸೋಮವಾರದಿಂದ ಗುರುವಾರದೊಳಗೆ ಹೋಗಿ. ವಾರಾಂತ್ಯ ಬೇಡವೇ ಬೇಡ. ಮಧ್ಯಾಹ್ನ 12ಕ್ಕೆ ಚರ್ಚಿನ ಮುಂದೆ ಇರಿ. 1509ರ ಗಡಿಯಾರದಿಂದ ಏಳು ಬೊಂಬೆ ರಾಜಪ್ರಮುಖರು ಹೊರಬಂದು ಚಕ್ರವರ್ತಿಯ ಸುತ್ತ ಮೂರು ಸುತ್ತು ಹಾಕುತ್ತಾರೆ. ಮಾವ ಅದನ್ನು ವಿಡಿಯೋ ಮಾಡಿ ಚಿತ್ರದುರ್ಗದ ಅರ್ಧ ಊರಿಗೆ ಕಳಿಸಿದರು. ಆಮೇಲೆ ಕೂರಬೇಕಲ್ಲ? ಮಾರ್ಕೆಟ್ಟಿನಲ್ಲಿ ಬೆಂಚು ಹುಡುಕಬೇಡಿ, ಜನ ನಿಂತೇ ತಿನ್ನುತ್ತಾರೆ. ನೆಲ ಬೇರೆ ಕಲ್ಲು ಹಾಸು. ಚರ್ಚಿನೊಳಗೆ ಹೋಗಿ ಬೆಂಚಿನ ಮೇಲೆ ಸದ್ದಿಲ್ಲದೆ ಕೂತರೆ ಯಾರೂ ಏಳಿಸುವುದಿಲ್ಲ. ನಾಲ್ಕೂವರೆ ಹೊತ್ತಿಗೆ ದೀಪಗಳು ಹೊಳೆಯಲು ಶುರು. ಅದನ್ನು ನೋಡಿ, ಆಫೀಸು ಬಿಟ್ಟವರು ಬರುವ ಮೊದಲು ಹೊರಡಿ.

ಇನ್ನೊಂದು ವಿಷಯ ಹೇಳದಿದ್ದರೆ ಈ ವಿಮರ್ಶೆ ಅರ್ಧ. ಕ್ರಿಸ್‌ಮಸ್ ದಿನವೇ ಮಾರ್ಕೆಟ್ ನೋಡೋಣ ಅಂದುಕೊಂಡು ಟಿಕೆಟ್ ಮಾಡಬೇಡಿ. 24ರ ಮಧ್ಯಾಹ್ನ 2ಕ್ಕೆ ಇದು ಮುಗಿಯುತ್ತದೆ. ಸರಿಸುಮಾರು ಅದೇ ಹೊತ್ತಿಗೆ ದೇಶದ ಅಂಗಡಿಗಳೂ ಬಾಗಿಲು ಹಾಕುತ್ತವೆ. ಅಲ್ಲಿಗೆ ಬೀದಿಯ ಹಬ್ಬ ಮುಗಿದು ಮನೆಯೊಳಗಿನ ಹಬ್ಬ ಶುರುವಾಗುತ್ತದೆ. ಉಡುಗೊರೆ ಬಿಚ್ಚುವುದು 24ರ ಸಂಜೆಯೇ. ಆ ರಾತ್ರಿ ಎಷ್ಟೋ ಮನೆಗಳಲ್ಲಿ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್, ಅಷ್ಟೇ. ದೊಡ್ಡ ಊಟ 25ಕ್ಕೆ. 25 ಮತ್ತು 26 ಎರಡೂ ಸರ್ಕಾರಿ ರಜೆ. ಕಿಟಕಿಯಲ್ಲಿ ನಿಂತ ಅತ್ತೆ, "ಹಬ್ಬದ ದಿನ ಊರೇ ಮಲಗಿದೆಯಲ್ಲೇ, ಯಾರಾದ್ರೂ ತೀರ್ಕೊಂಡ್ರಾ?" ಅಂತ ಕೇಳಿದರು. ಆಚೆ ಮನೆಯ ಅಜ್ಜಿ ಒಂದು ಡಬ್ಬಿ ವೆನಿಲ್ಲಾ ಬಿಸ್ಕತ್ತು ತಂದುಕೊಟ್ಟು, ಹಿಟ್ಟು, ಬೆಣ್ಣೆ, ಬಾದಾಮಿ ಪುಡಿ, ಸಕ್ಕರೆ ಅಂತ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು. ಮೊಟ್ಟೆ ಇಲ್ಲ. ಮಾರ್ಕೆಟ್ಟಿನಲ್ಲಿ ಸಿಗದ ತಿಂಡಿ ಮನೆ ಬಾಗಿಲಿಗೆ ಬಂತು, ಅತ್ತೆ ಕೋಡುಬಳೆ ತುಂಬಿಸಿ ಡಬ್ಬಿ ವಾಪಸ್ ಕಳಿಸಿದರು. ನಿಮಗೆ ಅಂಥ ಪಕ್ಕದ ಮನೆ ಇಲ್ಲದಿದ್ದರೆ 24ರ ಸಂಜೆ ಯಾವುದಾದರೂ ಚರ್ಚಿಗೆ ಹೋಗಿ. ಮಕ್ಕಳು ಯೇಸು ಹುಟ್ಟಿದ ನಾಟಕ ಆಡುತ್ತಾರೆ, ಯಾರು ಬೇಕಾದರೂ ಒಳಗೆ ಕೂರಬಹುದು.

2026ರಲ್ಲಿ ಡಿಸೆಂಬರ್ 25 ಶುಕ್ರವಾರ, 26 ಶನಿವಾರ, 27 ಭಾನುವಾರ. ಭಾನುವಾರ ಹೇಗೂ ಅಂಗಡಿ ಇಲ್ಲ. ಅಂದರೆ ಗುರುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನ ತನಕ ಹಾಲು, ಕೊತ್ತಂಬರಿ, ಹಸಿಮೆಣಸಿನಕಾಯಿ ಏನೂ ಸಿಗುವುದಿಲ್ಲ. ದೊಡ್ಡ ರೈಲು ನಿಲ್ದಾಣದ ಅಂಗಡಿಯೊಂದೇ ಗತಿ, ಅಲ್ಲಿ ರೇಟೂ ಜಾಸ್ತಿ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ಮಾವ ಇದ್ದರೆ ಬುಧವಾರವೇ ಹಾಲು ತಂದಿಟ್ಟುಕೊಳ್ಳಿ.