ಇಂಪ್ಯಾಟ್ 2.0: ಶೇ 7.4 ಎಂಬ ಅಂಕಿಯನ್ನು ಎಷ್ಟು ನಂಬಬಹುದು?

ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಇಂಪ್ಯಾಟ್, ಭಾರತದ ಔಷಧಿ ಗಿಡಗಳ ಉಚಿತ ಡೇಟಾಬೇಸ್. 2018ರಲ್ಲಿ 1,742 ಗಿಡ, 9,596 ಸಸ್ಯರಾಸಾಯನಿಕ ಇದ್ದದ್ದು ಎರಡನೇ ಆವೃತ್ತಿಗೆ 4,010 ಗಿಡ, 17,967 ರಾಸಾಯನಿಕಕ್ಕೆ ಬೆಳೆದಿದೆ. ಅದರಲ್ಲಿ 1,335 ಔಷಧದ ಲಕ್ಷಣ ಇರುವಂಥವು ಎಂದು ಸೋಸಿಟ್ಟಿದ್ದಾರೆ, ಅಂದರೆ ಶೇ 7.4. ಮನುಷ್ಯರಿಗೆ ಮದ್ದಾಗುವ ಸಂಯುಕ್ತ ಎಷ್ಟು ಎಂಬ ಪ್ರಶ್ನೆಗೆ ಇದನ್ನೇ ಉತ್ತರ ಮಾಡಿಕೊಂಡರೆ ಲೆಕ್ಕ ಎರಡೂ ಕಡೆ ತಪ್ಪುತ್ತದೆ.

ಈ ಜರಡಿ ನೋಡುವುದು ಅಣುವಿನ ಮೈಕಟ್ಟನ್ನು ಮಾತ್ರ: ತೂಕ, ಕೊಬ್ಬಿನಲ್ಲಿ ಕರಗುವ ಗುಣ, ಹೈಡ್ರೋಜನ್ ಬಂಧದ ಜಾಗಗಳು. ಅಣು ನುಂಗುವ ಔಷಧವಾಗಬಲ್ಲದೇ ಎಂದು ಅಂದಾಜಿಸುವ ಲಿಪಿನ್ಸ್ಕಿ ನಿಯಮದ ತೂಕದ ಮಿತಿ 500 ಡಾಲ್ಟನ್ (ಅಣುತೂಕದ ಏಕಮಾನ), ಔಷಧ ಕಂಪನಿ ಜಿಎಸ್‌ಕೆಯ ನಿಯಮದ್ದು 400. ಸರ್ಪಗಂಧದ ರೆಸರ್ಪಿನ್ ತೂಕ 608. ರಕ್ತದೊತ್ತಡಕ್ಕೆ ದಶಕಗಟ್ಟಲೆ ಬಳಸಿದ ಈ ಔಷಧ ಇಲ್ಲಿ ನಪಾಸು! ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ 825. ಅದನ್ನು ರಕ್ತನಾಳಕ್ಕೇ ಕೊಡುತ್ತಾರೆ, ನಿಯಮಗಳು ಇರುವುದು ನುಂಗುವ ಮಾತ್ರೆಗೆ. ಅತ್ತ ಅರಿಶಿನದ ಕರ್ಕ್ಯುಮಿನ್ 368, ಲಿಪಿನ್ಸ್ಕಿ ನಿಯಮವನ್ನು ಸಲೀಸಾಗಿ ದಾಟುತ್ತದೆ. ಆದರೆ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಲ್ಯಾಬ್ ಪರೀಕ್ಷೆಗಳಲ್ಲಿ ಹುಸಿ ಫಲಿತಾಂಶ ಕೊಡುವುದರಲ್ಲೂ ಕುಖ್ಯಾತ.

ಹುಡುಕುವಾಗ ಸಸ್ಯಶಾಸ್ತ್ರೀಯ ಹೆಸರನ್ನೇ ಹಾಕಿ. ಬ್ರಾಹ್ಮಿ ಅಂದರೆ ನಮ್ಮಲ್ಲಿ ಹಲವರಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಬ್ರಾಹ್ಮಿಯ ಹೆಸರಲ್ಲಿ ಕೇಳಿಬರುವ ಬಕೋಸೈಡ್ ಎಂಬ ಸಂಯುಕ್ತ ಇರುವುದು ನೀರುಬ್ರಾಹ್ಮಿಯಾದ ಬಕೋಪಾ ಮೊನ್ನಿಯೆರಿಯಲ್ಲಿ. ಇಲ್ಲಿ ಎಡವಿದರೆ ಮುಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಲವು ಗಿಡಗಳ ಪಟ್ಟಿ ಕೂಡಿಸುವಾಗ ಪ್ರತಿ ರಾಸಾಯನಿಕಕ್ಕೂ ಇರುವ ಇಂಪ್ಯಾಟ್ ಐಡಿ ಹಿಡಿದು ಡೂಪ್ಲಿಕೇಟ್ ತೆಗೆಯಿರಿ, ಯಾಕೆಂದರೆ ಕ್ವೆರ್ಸೆಟಿನ್, ಬೀಟಾ-ಸಿಟೊಸ್ಟೆರಾಲ್ ಹೋದಲ್ಲೆಲ್ಲ ಸಿಗುತ್ತವೆ. ಹಾಗೆಂದು ಸ್ಟೀರಿಯೊ ಗುರುತನ್ನು, ಅಂದರೆ ಪರಮಾಣುಗಳು ಯಾವ ದಿಕ್ಕಿಗೆ ಜೋಡಣೆಯಾಗಿವೆ ಎಂಬ ಗುರುತನ್ನು, ಅಳಿಸಿ ಎಣಿಸಬೇಡಿ: ಮಲೇರಿಯಾದ ಕ್ವಿನೈನ್, ಹೃದಯದ ಲಯ ಸರಿಪಡಿಸುವ ಕ್ವಿನಿಡಿನ್ ಎರಡೂ ಒಂದೇ ಆಗಿಬಿಡುತ್ತವೆ.

ಅಣು ಪ್ರೋಟೀನಿಗೆ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡುವ ಡಾಕಿಂಗ್ ಮಾಡುವವರಿಗೆ, ಅದಕ್ಕೆ ಬೇಕಾದ ಪಿಡಿಬಿಕ್ಯೂಟಿ ಎಂಬ ರಚನೆಯ ಫೈಲ್ ಸಿದ್ಧವಾಗಿ ಸಿಗುವುದು ದೊಡ್ಡ ಅನುಕೂಲ. ರಕ್ತದ ಪಿಎಚ್ ಆದ 7.4ರಲ್ಲಿ (ಮೇಲಿನ ಶೇ 7.4ಕ್ಕೂ ಇದಕ್ಕೂ ಸಂಬಂಧವಿಲ್ಲ) ಅಣುವಿನ ಪ್ರೋಟಾನ್ ಸ್ಥಿತಿ, ಅಂದರೆ ಅದರ ವಿದ್ಯುದಾವೇಶ, ಸರಿಯಿದೆಯೇ ಎಂದು ನೋಡಿಕೊಂಡೇ ಓಡಿಸಿ. ಅಣು ಮನುಷ್ಯನ ಯಾವ ಪ್ರೋಟೀನ್ ಮೇಲೆ ಕೆಲಸ ಮಾಡಬಹುದು ಎಂದು ಅಲ್ಲಿ ಕೊಟ್ಟಿರುವ ಪಟ್ಟಿ ಊಹೆ, ಪುರಾವೆಯಲ್ಲ.

ದೊಡ್ಡ ಕೊರತೆ ಎಂದರೆ ಗಿಡದಲ್ಲಿ ಸಂಯುಕ್ತ ಎಷ್ಟು ಪ್ರಮಾಣದಲ್ಲಿದೆ ಎಂಬುದೇ ಇಲ್ಲ. ಕೆಮ್ಮಿಗೆ, ಜ್ವರಕ್ಕೆ ಎಂಬ ಸಾಂಪ್ರದಾಯಿಕ ಬಳಕೆಯೂ ಎಲೆ, ಬೇರು, ತೊಗಟೆಗೆ ಜೋಡಿಸಿದ್ದೇ ಹೊರತು ಅಣುವಿಗಲ್ಲ. ಆದ್ದರಿಂದ 1,335ನ್ನು ಮೊದಲು ಪರೀಕ್ಷಿಸಬೇಕಾದವುಗಳ ಪಟ್ಟಿ ಎಂದು ಬಳಸಿ. ಅದಕ್ಕೆ ಇಷ್ಟು ಅಚ್ಚುಕಟ್ಟಾದ ಉಚಿತ ಸಾಧನ ಅಪರೂಪ.