ಆರ್‌ಎಕ್ಸ್ 6600ಕ್ಕೆ ಯಾವ ಎಸ್‌ಎಂಪಿಎಸ್: ಕ್ಯಾಬಿನೆಟ್ ಜೊತೆ ಬಂದದ್ದೋ, 550 ಬ್ರಾಂಜೋ, 650 ಮಾಡ್ಯುಲರೋ?

ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬ. ನನ್ನ ಓಟು 550 ವ್ಯಾಟ್ ಬ್ರಾಂಜ್‌ಗೆ (ಬ್ರಾಂಜ್ ಎಂಬುದು ದಕ್ಷತೆಯ ಒಂದು ದರ್ಜೆ). ಐ3-12100ಎಫ್ ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಇರುವ ಒಂದೇ ಸಿಸ್ಟಮ್‌ಗೆ ಮೂರನ್ನೂ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಕ್ಯಾಬಿನೆಟ್ ಜೊತೆ ಬರುವ ‘450 ವ್ಯಾಟ್’ನಲ್ಲಿ ದಪ್ಪಕ್ಷರದ ಸಂಖ್ಯೆ ಬಿಡಿ, ಲೇಬಲ್‌ನ +12 ವೋಲ್ಟ್ ಸಾಲು ನೋಡಿ. ಕಾರ್ಡು, ಪ್ರೊಸೆಸರ್ ಓಡುವುದು ಅದರಿಂದಲೇ. ಇದರಲ್ಲಿದ್ದದ್ದು 16 ಆಂಪ್, ಅಂದರೆ 192 ವ್ಯಾಟ್ ಅಷ್ಟೇ. ಕಾರ್ಡಿಗೆ 132, ಟರ್ಬೊದಲ್ಲಿ ಪ್ರೊಸೆಸರ್‌ಗೆ 89, ಬೋರ್ಡು-ಫ್ಯಾನುಗಳಿಗೆ 25 ಹಿಡಿದರೂ 246 ವ್ಯಾಟ್. 20 ಆಂಪ್ ದಾಟಿತು. ಬ್ರೌಸರ್, ಟ್ಯಾಲಿ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಗೇಮ್ ಲೋಡ್ ಆದ ಕೂಡಲೇ ಸ್ಕ್ರೀನ್ ಕಪ್ಪು, ಸಿಸ್ಟಮ್ ರೀಸ್ಟಾರ್ಟ್, ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ರೀಸ್ಟಾರ್ಟ್ ಆಯಿತು ಎಂಬ ವಿಂಡೋಸ್ ದಾಖಲೆ). ಡ್ರೈವರ್ ಬದಲಿಸುತ್ತಾ ಕೂರುವ ಮೊದಲು ಖಾಲಿ ಮೋಲೆಕ್ಸ್‌ನ (ಹಳೆಯ ಕಾಲದ 4 ಪಿನ್ ಪವರ್ ಕನೆಕ್ಟರ್) ಹಳದಿ-ಕಪ್ಪು ತಂತಿಗೆ ಮಲ್ಟಿಮೀಟರ್ ಹಿಡಿದು ಗೇಮ್ ಓಡಿಸಿ. 11.4 ವೋಲ್ಟ್‌ಗಿಂತ ಕೆಳಗಿಳಿದರೆ ತಪ್ಪು ಕಾರ್ಡಿನದಲ್ಲ.

ನಿಜವಾದ ತಲೆನೋವು ಕನೆಕ್ಟರ್‌ದು. ಕಾರ್ಡಿಗೆ 8 ಪಿನ್ ಬೇಕು, ಇಂಥ ಎಸ್‌ಎಂಪಿಎಸ್‌ನಲ್ಲಿ ಅದು ಇರುವುದಿಲ್ಲ. ‘ಕನ್ವರ್ಟರ್ ಹಾಕ್ಕೊಳ್ಳಿ ಸಾರ್, ಏನೂ ಆಗಲ್ಲ’ ಎಂದು ಅಂಗಡಿಯವರು ಸಾಟಾ (ಹಾರ್ಡ್‌ಡಿಸ್ಕ್‌ಗೆ ಕರೆಂಟ್ ಕೊಡುವ ಕನೆಕ್ಟರ್) ತುದಿಯ ಕೇಬಲ್ ಕೊಡುತ್ತಾರೆ. ಸಾಟಾದ 12 ವೋಲ್ಟ್ ಮಿತಿ 4.5 ಆಂಪ್, 54 ವ್ಯಾಟ್. 8 ಪಿನ್ನಿನದು 150. ಮೊದಲು ಪ್ಲಾಸ್ಟಿಕ್ ಬಿಸಿಯಾಗುತ್ತದೆ, ಆಮೇಲೆ ಕಂದುತ್ತದೆ, ಕೊನೆಗೆ ಕರಗುತ್ತದೆ. ಎರಡು ಮೋಲೆಕ್ಸ್ ಸೇರಿಸುವ ಕೇಬಲ್ ಇದಕ್ಕಿಂತ ಮೇಲು, ಆದರೆ ಎರಡೂ ಒಂದೇ ತಂತಿಯಿಂದ ಬಂದಿದ್ದರೆ ಭಾರವೆಲ್ಲ ಆ ತಂತಿಯ ಮೇಲೇ. ಅಷ್ಟಾದರೂ ಆ 16 ಆಂಪ್ ಹೆಚ್ಚಾಗುವುದಿಲ್ಲವಲ್ಲ!

ಇನ್ನೊಂದು: ಪ್ರೊಸೆಸರ್‌ಗೆ ಹೋಗುವ 4+4 ಪಿನ್ ಕೂಡ ಎಂಟೇ. ಅದನ್ನು ಕಾರ್ಡಿಗೆ ಒತ್ತಿ ತುರುಕಬೇಡಿ. ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಕಾರ್ಡಿಗೆ ಬೇಕಾದದ್ದು 6+2.

550 ಬ್ರಾಂಜ್‌ನಲ್ಲಿ ಈ ರಗಳೆಯೇ ಇಲ್ಲ. 6+2 ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬರುತ್ತದೆ, ಅರ್ಧ ಲೋಡಿನಲ್ಲಿ ಓಡುವುದರಿಂದ ಫ್ಯಾನ್ ಸದ್ದೂ ಕಡಿಮೆ. ಎಎಂಡಿ ಈ ಕಾರ್ಡಿಗೆ ಕೇಳುವುದೇ 450.

650 ಮಾಡ್ಯುಲರ್ ಚೆನ್ನಾಗಿದೆ, ಬೇಡದ ಕೇಬಲ್ ಬಿಚ್ಚಿಡಬಹುದು, ಹಾಗಾಗಿ ಕೇಬಲ್ ಗೋಜಲು ಇಲ್ಲ. ಈ ಕಾರ್ಡಿನಲ್ಲಿ ಫ್ರೇಮ್ ಮಾತ್ರ ಒಂದೂ ಹೆಚ್ಚಾಗಲಿಲ್ಲ. ಆ ದುಡ್ಡಿಗೆ ಎಸ್‌ಎಸ್‌ಡಿ ದೊಡ್ಡದು ತಗೊಳ್ಳಬಹುದು.

ತುಮಕೂರಿನ ಸುತ್ತಮುತ್ತ, ಅದರಲ್ಲೂ ತೋಟದ ಮನೆಗಳಲ್ಲಿ, ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಹಾಗಾಗಿ ಇನ್‌ಪುಟ್ 200–240 ಎಂದಿರುವುದಕ್ಕಿಂತ 100–240 ಎಂದಿರುವುದನ್ನೇ ಆರಿಸಿ. ಯುಪಿಎಸ್ ಇದ್ದರೆ ಗೇಮ್ ಓಡುತ್ತಿರುವಾಗಲೇ ಅದರ ಪ್ಲಗ್ ಕಿತ್ತು ನೋಡಿ. ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಕೆಲವು ಅಗ್ಗದ ಯುಪಿಎಸ್‌ಗಳ ಜೊತೆ ಹೊಂದುವುದಿಲ್ಲ, ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಸಿಸ್ಟಮ್ ಆಫ್ ಆಗಬಹುದು.

ಎಸ್‌ಎಂಪಿಎಸ್‌ಗೆ ಬಜೆಟ್ಟೇ ಇಲ್ಲ ಎನ್ನುವವರು ಆರ್‌ಎಕ್ಸ್ 6600 ಆಸೆ ಬಿಟ್ಟು ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ನೋಡಲಿ. 70 ವ್ಯಾಟ್, ಸ್ಲಾಟಿನಿಂದಲೇ ಓಡುತ್ತದೆ. ಆದರೂ ಆ 16 ಆಂಪ್‌ನ ಡಬ್ಬಕ್ಕೆ ಅದೂ ಅಂಚಿನ ಲೆಕ್ಕವೇ: ಪ್ರೊಸೆಸರ್, ಬೋರ್ಡು-ಫ್ಯಾನು ಸೇರಿ 184 ವ್ಯಾಟ್.