ಒಂದೇ ಎಚ್‌ಪಿಎಲ್‌ಸಿ, ಮೂರು ಕೈರಲ್ ಕಾಲಂ

ಸೋಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಲ್ಯಾಬ್. ದ್ರಾವಣದಲ್ಲಿ ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಇರುವುದು ಒಂದೇ. ಬೆಳಿಗ್ಗೆ ಅದರಲ್ಲಿ ನೀರು-ಮೆಥನಾಲ್ ಓಡುತ್ತದೆ, ಮಧ್ಯಾಹ್ನ ಹೆಕ್ಸೇನ್. ನಡುವೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಬಿಟ್ಟು ಲೈನೆಲ್ಲ ತೊಳೆಯಬೇಕು, ಯಾಕಂದ್ರೆ ಹೆಕ್ಸೇನ್‌ಗೂ ನೀರಿಗೂ ಆಗಿಬರುವುದಿಲ್ಲ. ಇಂಥ ಲ್ಯಾಬ್‌ಗೆ ಯಾವ ಕೈರಲ್ ಕಾಲಂ (ಎಡಗೈ-ಬಲಗೈಯಂತೆ ಒಂದಕ್ಕೊಂದು ಕನ್ನಡಿ ಬಿಂಬವಾಗಿರುವ ಅಣುಗಳನ್ನು ಬೇರ್ಪಡಿಸುವ ಕೊಳವೆ) ಸರಿ ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ಬಳಸಿದ್ದು ಡೈಸೆಲ್‌ನ ಕೈರಲ್‌ಸೆಲ್ ಓಡಿ-ಎಚ್. ಸಿಲಿಕಾ ಮೇಲೆ ಸೆಲ್ಯುಲೋಸ್ ಕಾರ್ಬಮೇಟ್ ಲೇಪನ, 250 ಮಿ.ಮೀ. ಉದ್ದ, 5 ಮೈಕ್ರಾನ್ ಕಣ. ಪ್ರೊಪ್ರನಲಾಲ್ ಎಂಬ ರಕ್ತದೊತ್ತಡದ ಔಷಧಿ ಹಾಕಿದೆ. ಹೆಕ್ಸೇನ್ 80, ಐಪಿಎ 20, ಪೀಕ್‌ಗೆ (ಚಾರ್ಟ್‌ನಲ್ಲಿ ಏಳುವ ಶಿಖರಕ್ಕೆ) ಬಾಲ ಬರದಿರಲಿ ಅಂತ ಶೇ. 0.1 ಡೈಈಥೈಲ್ ಅಮೈನ್. ಎಡಗೈ ಅಣು, ಬಲಗೈ ಅಣು ಎರಡರ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ!

ಆದರೆ ಲೇಪನ ಅಂದರೆ ಗೋಡೆಗೆ ಬಳಿದ ಸುಣ್ಣದ ಹಾಗೆ. ಟಿಎಚ್‌ಎಫ್, ಡಿಸಿಎಂ (ಡೈಕ್ಲೋರೋಮೀಥೇನ್), ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್‌ನಂಥ ದ್ರಾವಕ ತಗುಲಿದರೆ ಎದ್ದು ಹೋಗುತ್ತದೆ. ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಎರಡು ಪೀಕ್ ಸೇರಿ ಒಂಟೆಯ ಡುಬ್ಬ ಆಗಿದ್ದವು. ರಾತ್ರಿ ಪಾಳಿಯ ಹುಡುಗನನ್ನು ಕೇಳಿದೆ. "ಸ್ಯಾಂಪಲ್ ಕರಗವಲ್ದಾಗಿತ್ರಿ ಸರ್, ಅದಕ್ಕ ಡಿಸಿಎಂನಾಗ ಹಾಕೀನ್ರಿ" ಅಂದ. ಅವನಿಗೆ ಬೈದು ಏನು ಉಪಯೋಗ? ಹೇಳಿಕೊಡದೆ ಇದ್ದವನು ನಾನೇ ಅಲ್ವಾ.

ಆಮೇಲೆ ತಂದದ್ದು ಕೈರಲ್‌ಪ್ಯಾಕ್ ಐಬಿ. ಒಳಗಿರುವುದು ಅದೇ ಸೆಲ್ಯುಲೋಸ್, ಆದರೆ ಸಿಲಿಕಾಗೆ ಕಚ್ಚಿಕೊಂಡಿರುವಂತೆ ಕೂರಿಸಿದ್ದಾರೆ. ಪ್ರೊಪ್ರನಲಾಲ್ ಪೀಕ್‌ಗಳು ಕೊಂಚ ಹತ್ತಿರ ಬಂದವು. ಗಾಡಿ ಹೋಗದಿದ್ದರೂ ಸೈಕಲ್ ಹೋಗುತ್ತದೆ. ಕೊಟೇಶನ್‌ನಲ್ಲಿ ಬೆಲೆ ಜಾಸ್ತಿ ಇತ್ತು. ಆದರೂ ಡಿಸಿಎಂ ಸ್ಯಾಂಪಲ್ ಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಒಂದೇ ಮಷಿನ್, ಹತ್ತು ಕೈ ಇರುವ ಕಡೆ ನನ್ನ ಓಟು ಇದಕ್ಕೇ.

ಮೂರನೆಯದು ರೀಜಿಸ್‌ನ ವೆಲ್ಕ್-ಓ 1. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪಿರ್ಕಲ್ ಇದನ್ನು ನೋವಿನ ಔಷಧಿ ನ್ಯಾಪ್ರೋಕ್ಸೆನ್‌ನ ಎರಡು ಕೈಯ ಅಣುಗಳನ್ನು ಬೇರ್ಪಡಿಸಲೆಂದೇ ರೂಪಿಸಿದ್ದು. ನಾನು ತರಿಸಿದ್ದೂ ಅದಕ್ಕೇ. ಇದರ ಮಜಾ ಬೇರೆ: ಕಾಲಂ ಕೂಡ ಎಡಗೈ, ಬಲಗೈ ಎರಡು ರೂಪದಲ್ಲೂ ಸಿಗುತ್ತದೆ. ಒಂದರಲ್ಲಿ ಮೊದಲು ಬಂದದ್ದು ಇನ್ನೊಂದರಲ್ಲಿ ಹಿಂದೆ ಬರುತ್ತದೆ. ಬೇಡದ ಆರ್ ಐಸೋಮರ್ (ಒಂದು ಕೈಯ ಅಣು) ಚೂರೇ ಚೂರು ಇದ್ದು, ಬೇಕಾದ ಎಸ್‌ನ ದೊಡ್ಡ ಪೀಕ್‌ನ ಬಾಲದ ಮೇಲೆ ಬಂದರೆ ಅಳೆಯುವುದು ಕಷ್ಟ. ಅದನ್ನೇ ಮುಂದೆ ಬರಿಸಿಕೊಂಡರೆ ಬೋಳು ಬೇಸ್‌ಲೈನ್ ಮೇಲೆ ಒಂಟಿಯಾಗಿ ನಿಲ್ಲುತ್ತದೆ.

ಪೂರೈಕೆದಾರರ ವಿಷಯ. ಒಬ್ಬರಿಗೆ ದೀಪಾವಳಿಗೆ ಆರ್ಡರ್ ಕೊಟ್ಟಿದ್ದೆ, ಕಾಲಂ ಬಂದದ್ದು ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಮುಗಿದ ಮೇಲೆ. ಡಬ್ಬಿಯೊಳಗಿನ ಟೆಸ್ಟ್ ಚಾರ್ಟ್‌ನಲ್ಲಿದ್ದ ಸೀರಿಯಲ್ ನಂಬರ್ ಬೇರೆ ಕಾಲಂನದು. ಇನ್ನೊಬ್ಬ ಸಣ್ಣ ಡೀಲರ್ ನಮ್ಮ ಸ್ಯಾಂಪಲ್ ತರಿಸಿಕೊಂಡು, ನಾಲ್ಕು ಕಾಲಂ ಮೇಲೆ ಓಡಿಸಿ ಚಾರ್ಟ್ ಕಳಿಸಿದರು. ದುಡ್ಡಿನ ಮಾತು ಆಮೇಲೆ. ಈಗ ಎಲ್ಲವೂ ಅವರ ಹತ್ತಿರವೇ.

ಓಡಿ-ಎಚ್ ಮತ್ತೆ ಕೊಂಡೆ. ಗಿರಾಕಿಯ ಮೆಥಡ್‌ನಲ್ಲಿ ಅದರದೇ ಹೆಸರಿದೆ, ಬಿಡುವ ಹಾಗಿಲ್ಲ. ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ, "ಡಿಸಿಎಂ ಬೇಡ" ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿದ್ದೇನೆ.